ಕಲಬುರಗಿಯ ಅಂಗಳದಲ್ಲಿ ಹಳೆಯ ಸ್ಕೀ ಬೋಟು

ಫೈಬರ್ ದೋಣಿಗೆ ಸಾವಿಲ್ಲ ಎಂದು ಗುಜರಿ ವ್ಯಾಪಾರಿಗಳು ಹೇಳುತ್ತಾರೆ. ಅದರಲ್ಲಿ ಅರ್ಧ ನಿಜವಿದೆ. ಗಾಜಿನ ಎಳೆಯೂ ರೆಸಿನ್ನೂ (ಕಲಸಿದ ಮೇಲೆ ಗಟ್ಟಿಯಾಗುವ ಅಂಟುದ್ರವ) ಸೇರಿ ಆದ ಹೊರಕವಚ ದಶಕಗಟ್ಟಲೆ ಬಾಳುತ್ತದೆ. ಸಾಯುವುದು ಆ ಕವಚದೊಳಗೆ ಮುಚ್ಚಿಟ್ಟ ಮರ. ಹಳೆಯ ಕಾಲದ ಸಣ್ಣ ಮೋಟಾರು ದೋಣಿಗಳಲ್ಲಿ ಎಂಜಿನ್ ತೂಗುವ ಹಿಂಬದಿಯ ಗೋಡೆಗೆ, ತಳದ ಉದ್ದಕ್ಕೂ ಓಡುವ ತೊಲೆಗಳಿಗೆ, ಕಾಲಿಡುವ ನೆಲಕ್ಕೆ ಒಳಗೆ ಪ್ಲೈವುಡ್ ಇಟ್ಟು ಮೇಲೆ ಫೈಬರ್ ಹೊದಿಸುತ್ತಿದ್ದರು. ಎಲ್ಲೋ ಒಂದು ಸ್ಕ್ರೂ ಹಾಕಿದ ರಂಧ್ರದಿಂದ ನೀರು ಒಳಗಿಳಿಯುತ್ತದೆ. ಹೊರಬರಲು ದಾರಿ ಸಿಗುವುದಿಲ್ಲ. ಮರದ ತೇವಾಂಶ ಶೇಕಡ 20ಕ್ಕಿಂತ ಕೆಳಗಿದ್ದರೆ ಕೊಳೆಸುವ ಶಿಲೀಂಧ್ರ ತಲೆ ಎತ್ತುವುದಿಲ್ಲ. ಅದಕ್ಕಿಂತ ಮೇಲೇರಿ ನಿಂತಿತೋ, ಹೊರಗಿನ ಹೊಳಪು ಹಾಗೆಯೇ ಇದ್ದು ಒಳಗಿನದೆಲ್ಲ ಮಣ್ಣಾಗುತ್ತದೆ.

ಆದ್ದರಿಂದ ಹಳೆಯ ಫೈಬರ್ ದೋಣಿಯ ರಿಪೇರಿ ಎಂದರೆ ಮೊದಲು ಒಣಗಿಸುವ ಕೆಲಸ. ಆ ಕೆಲಸಕ್ಕೆ ಕರಾವಳಿಗಿಂತ ಕಲಬುರಗಿ ಎಷ್ಟೋ ವಾಸಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಕಡಲ ಬದಿಯಲ್ಲಿ ಗಾಳಿಯೇ ಒದ್ದೆ. ಇಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಒಣ ಬಿಸಿಲು ಬಿಟ್ಟಿಯಾಗಿ ಸಿಗುತ್ತದೆ. ಅದೇ ಬಿಸಿಲು ರೆಸಿನ್ ಕೆಲಸಕ್ಕೆ ಶತ್ರು. ಇಡೀ ಕೆಲಸದ ಹೊತ್ತುಗೊತ್ತು ನಿರ್ಧಾರವಾದದ್ದು ಈ ಎರಡರ ನಡುವೆ.

ನಾನು ರಿಪೇರಿಗೆ ಹಿಡಿದ ದೋಣಿ 14 ಅಡಿ ಉದ್ದದ್ದು. ಹಿಂಬದಿಯ ಗೋಡೆಗೆ ಹೊರಗಿನಿಂದ ತೂಗುಹಾಕುವ 40 ಅಶ್ವಶಕ್ತಿಯ ಔಟ್‌ಬೋರ್ಡ್ ಎಂಜಿನ್ ಕಟ್ಟಿ, ಕಾಲಿಗೆ ಸ್ಕೀ ಹಲಗೆ ತೊಟ್ಟು ಹಗ್ಗ ಹಿಡಿದು ನೀರಿನ ಮೇಲೆ ಜಾರುವ ಒಬ್ಬ ಸವಾರನನ್ನು ಹಿಂದೆ ಎಳೆಯಲು ಮಾಡಿದ್ದು. ಹೈದರಾಬಾದಿನ ಹೊರವಲಯದ ಗುಜರಿಯಿಂದ ಐಷರ್ ಲಾರಿಯಲ್ಲಿ ಬಂತು. ನಮ್ಮ ಕಡೆಯವರಿಗೆ ದೋಣಿ ಎಂದರೆ ಕೃಷ್ಣೆಯ ಹರಿಗೋಲು, ಇಲ್ಲವೇ 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿದಾಗ ಊರುಗಳಿಗೆ ಬಂದ ರಕ್ಷಣಾ ದೋಣಿ. ಸ್ಕೀ ಬೋಟನ್ನು ನೋಡಲು ಓಣಿಯ ಮಕ್ಕಳೆಲ್ಲ ನೆರೆದದ್ದು ಸಹಜವೇ.

ಮೊದಲ ಪರೀಕ್ಷೆಗೆ ಸುತ್ತಿಗೆಯ ಪ್ಲಾಸ್ಟಿಕ್ ಹಿಡಿ ಸಾಕು. ಹಿಂಬದಿಯ ಗೋಡೆಯನ್ನು, ಅಂದರೆ ಟ್ರಾನ್ಸಮ್ ಅನ್ನು, ಮೇಲಿನಿಂದ ಕೆಳಕ್ಕೆ ಗೇಣಿಗೊಮ್ಮೆ ತಟ್ಟುತ್ತ ಬಂದರೆ ಗಟ್ಟಿ ಇರುವಲ್ಲಿ ಠಣ್ ಎನ್ನುತ್ತದೆ, ಕೊಳೆತಲ್ಲಿ ದಬ್ ಎನ್ನುತ್ತದೆ. ಸದ್ದು ಬದಲಾದಲ್ಲೆಲ್ಲ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಒಳಬದಿಯಿಂದ 5 ಮಿಲಿಮೀಟರ್ ಡ್ರಿಲ್ ಬಿಟ್ಟಿನಲ್ಲಿ ಕೊರೆದು ನೋಡಿದೆ. ಹೊರಗಿನ ಪದರ ತೂತಾಗದಂತೆ ಬಿಟ್ಟಿನ ಮೇಲೆ ಟೇಪ್ ಸುತ್ತಿ ಆಳ ಗುರುತಿಸಿಕೊಳ್ಳಬೇಕು. ಒಣ ಮರವಾದರೆ ತಿಳಿ ಬಣ್ಣದ ಸಿಪ್ಪೆ ಸುರುಳಿಯಾಗಿ ಬರುತ್ತದೆ. ಇಲ್ಲಿ ಬಂದದ್ದು ಕಪ್ಪು ರಾಡಿ. ಕೆಳಗಿನ ಅರ್ಧ ಪೂರ್ತಿ ಹೋಗಿತ್ತು. ನೆಲಹಲಗೆ ಕಾಲಿಟ್ಟರೆ ಬಾಗುತ್ತಿತ್ತು. ಅದರಡಿಯ ತೇಲುವ ಫೋಮನ್ನು ಹಿಂಡಿದರೆ ನೀರು ಸುರಿಯುತ್ತಿತ್ತು. ಹೊರಕವಚ ಮಾತ್ರ ಚೆನ್ನಾಗಿತ್ತು. ಕೊಳ್ಳುವವರು ನೋಡಬೇಕಾದದ್ದೂ ಅದನ್ನೇ. ಮರವನ್ನು ಬದಲಾಯಿಸಬಹುದು, ಆಕಾರ ಕೆಟ್ಟ ತಳವನ್ನು ಸರಿಮಾಡುವುದು ಮನೆಯಲ್ಲಿ ಆಗುವ ಕೆಲಸವಲ್ಲ.

ತಳ ನೆಟ್ಟಗಿದೆಯೇ ಎಂದು ತಿಳಿಯಲು ಗಾರೆ ಕೆಲಸದವರ ಉದ್ದನೆಯ ಅಲ್ಯೂಮಿನಿಯಂ ಪಟ್ಟಿಯನ್ನು ಹಿಂಭಾಗದ ಐದು ಅಡಿಗೆ ಒತ್ತಿ ಹಿಡಿಯಬೇಕು. ಪಟ್ಟಿ ಮತ್ತು ತಳದ ನಡುವೆ ಬೆಳಕು ಕಂಡರೆ ತಳ ಒಳಕ್ಕೆ ಬಾಗಿದೆ ಎಂದರ್ಥ. ಅಂಥ ದೋಣಿ ವೇಗ ಹಿಡಿದಾಗ ಮೂತಿಯನ್ನು ನೀರಿಗೆ ಒತ್ತುತ್ತದೆ. ನನ್ನದರಲ್ಲಿ ಬೆಳಕು ಕಾಣಲಿಲ್ಲ.

ನೆಲಹಲಗೆ ತೆಗೆದ ಕೂಡಲೇ ದೋಣಿ ಬಿಗಿ ಕಳೆದುಕೊಂಡು ತನ್ನ ತೂಕಕ್ಕೆ ತಾನೇ ಹರಡಿಕೊಳ್ಳತೊಡಗುತ್ತದೆ. ಹಾಗೆ ಹರಡಿದ ಸ್ಥಿತಿಯಲ್ಲಿ ಹೊಸ ತೊಲೆ ಕೂರಿಸಿದರೆ ಸೊಟ್ಟ ಆಕಾರವೇ ಕಾಯಂ. ಅದಕ್ಕೇ ಒಂದು ಹಲಗೆಯನ್ನೂ ಕೀಳುವ ಮೊದಲೇ ದೋಣಿಯನ್ನು ಹಿಡಿದು ನಿಲ್ಲಿಸುವ ತೊಟ್ಟಿಲು ಸಿದ್ಧವಾಗಬೇಕು. ಅಂಗಳಕ್ಕೆ ಹಾಸಿದ ಶಹಾಬಾದ್ ಫರಸಿ ಇಲ್ಲಿ ನೆರವಿಗೆ ಬಂತು. ನೀರು ತುಂಬಿದ ಲೆವೆಲ್ ಪೈಪಿನಲ್ಲಿ ಸಮ ನೋಡಿ, ರಟ್ಟಿನಲ್ಲಿ ತಳದ ಆಕಾರ ಕತ್ತರಿಸಿ, ಅದರಂತೆ ಬಡಿಗೇರ ಕಾಕಾ ಮೂರು ಕಡೆ ಮರದ ಆಸರೆ ಮಾಡಿಕೊಟ್ಟರು. ಮೂತಿಯಿಂದ ಹಿಂಬದಿಯ ಎರಡೂ ಮೂಲೆಗಳಿಗೆ ದಾರ ಹಿಡಿದು ಅಳೆದೆವು. ಎರಡೂ ಅಳತೆ ಒಂದೇ ಬಂದ ಮೇಲೆ ಅಂಚುಗಳ ನಡುವೆ ಅಡ್ಡಪಟ್ಟಿ ಬಿಗಿದೆವು. ಅಳತೆಗಳನ್ನೆಲ್ಲ ದೋಣಿಯ ಹೊರಮೈ ಮೇಲೆಯೇ ಮಾರ್ಕರಿನಲ್ಲಿ ಬರೆದದ್ದು ಮುಂದೆ ಪದೇ ಪದೇ ಕೆಲಸಕ್ಕೆ ಬಂತು. "ಮನೆಯ ಚೌಕಟ್ಟಿಗೂ ಇಷ್ಟು ಅಳತೆ ನೋಡುವವರು ಈಗ ಕಡಿಮೆ" ಎಂದು ಕಾಕಾ ಹೇಳಿದರು. ಅವರ ಕೈಯಿಂದ ಬಂದ ಆಸರೆ ಇಂದಿಗೂ ಒಂದು ಕೂದಲೆಳೆ ಅಲುಗಿಲ್ಲ.

ಕತ್ತರಿಸುವ ಕೆಲಸ ನಾಲ್ಕಿಂಚಿನ ಗ್ರೈಂಡರಿನದು. ಇದು ಇಡೀ ರಿಪೇರಿಯ ಅತ್ಯಂತ ಕೆಟ್ಟ ಭಾಗ. ಗಾಜಿನ ಪುಡಿ ಚರ್ಮಕ್ಕೆ ತುರಿಕೆ ತರುತ್ತದೆ, ಉಸಿರಿಗೆ ಹೋದರೆ ಇನ್ನೂ ಕೆಟ್ಟದ್ದು. ಮೈತುಂಬ ಬಟ್ಟೆ, ಕಣ್ಣಿಗೆ ಮುಚ್ಚಿದ ಕನ್ನಡಕ, ಮುಖಕ್ಕೆ ಬಿಗಿಯಾಗಿ ಕೂರುವ ಎನ್ 95 ಮಾಸ್ಕ್ ಇಲ್ಲದೆ ಗ್ರೈಂಡರಿನ ಸ್ವಿಚ್ ಮುಟ್ಟಬಾರದು. ಕೆಲಸ ಮುಗಿದ ಮೇಲೆ ತಣ್ಣೀರಿನಲ್ಲೇ ಮೈ ತೊಳೆಯಬೇಕು, ಬಟ್ಟೆಯನ್ನು ಮನೆಯವರ ಬಟ್ಟೆಯ ಜೊತೆ ಬೆರೆಸಬಾರದು. ನಮ್ಮ ಕಡೆ ಬೇಸಿಗೆ ಎಂದರೆ ಮಾಳಿಗೆಯ ಮೇಲೆ ಹಪ್ಪಳ, ಸಂಡಿಗೆ, ಶಾವಿಗೆ ಒಣಹಾಕುವ ಕಾಲವೂ ಹೌದು. ಓಣಿಯ ಅಕ್ಕಂದಿರ ಶಾವಿಗೆಯ ಮೇಲೆ ಗಾಜಿನ ಪುಡಿ ಬೀಳಬಾರದು ಎಂದು ದೋಣಿಯ ಸುತ್ತ ತಾಡಪತ್ರಿಯ ಗೂಡು ಕಟ್ಟಿ, ಗಾಳಿ ಏಳುವ ಮೊದಲೇ ನಸುಕಿನಲ್ಲಿ ಗ್ರೈಂಡರ್ ಕೆಲಸ ಮುಗಿಸುವುದು, ಕೂಡಲೇ ವ್ಯಾಕ್ಯೂಮ್‌ನಲ್ಲಿ ಪುಡಿ ಎಳೆದು ಚೀಲಕ್ಕೆ ಕಟ್ಟುವುದು ಎಂಬ ನಿಯಮ ಮಾಡಿಕೊಂಡೆ. ನೆರೆಹೊರೆಯ ನಡುವೆ ಈ ಕೆಲಸ ಮಾಡುವವರು ಇದನ್ನು ಕಡೆಗಣಿಸಕೂಡದು.

ನೆಲ, ತೊಲೆ, ಫೋಮು, ಟ್ರಾನ್ಸಮ್ಮಿನ ಒಳಪದರ ಎಲ್ಲ ಹೊರಬಿದ್ದ ಮೇಲೆ ಉಳಿದದ್ದು ಬರಿಯ ಚಿಪ್ಪು. ಅದನ್ನು ಬಿಸಿಲಿಗೆ ಬಿಟ್ಟೆ. ಬೇಗ ಒಣಗಲಿ ಎಂದು ಕಪ್ಪು ತಾಡಪತ್ರಿ ಹೊದಿಸುವ ಆಸೆ ಯಾರಿಗಾದರೂ ಬಂದೀತು; ಬೇಡ. ಸಾಮಾನ್ಯ ಪಾಲಿಯೆಸ್ಟರ್ ರೆಸಿನ್ 60–70 ಡಿಗ್ರಿ ಆಸುಪಾಸಿನಲ್ಲಿ ಮೆತ್ತಗಾಗತೊಡಗುತ್ತದೆ, ಮೇ ತಿಂಗಳಲ್ಲಿ ಕಪ್ಪು ಹೊದಿಕೆಯಡಿ ಅಷ್ಟು ಶಾಖ ಏರುವುದು ಕಷ್ಟವಲ್ಲ. ಬಿಳಿ ಬಟ್ಟೆಯ ನೆರಳು, ಎರಡೂ ಬದಿ ತೆರೆದ ಗಾಳಿ ಸಾಕು. ಒಣಗಿದೆಯೇ ಎಂದು ನೋಡಲು ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ತುಂಡನ್ನು ಒಳಮೈಗೆ ನಾಲ್ಕೂ ಅಂಚು ಟೇಪ್ ಹಚ್ಚಿ ಬಿಟ್ಟು, ಮರುದಿನ ಹಾಳೆಯ ಅಡಿ ಹನಿ ಕೂತಿದೆಯೇ ಎಂದು ನೋಡಿದೆ. ಮೊದಮೊದಲು ಮಂಜು ಕಟ್ಟುತ್ತಿತ್ತು. ಅದು ಪೂರ್ತಿ ನಿಲ್ಲುವ ತನಕ ರೆಸಿನ್ ಡಬ್ಬ ತೆರೆಯಲಿಲ್ಲ.

ಇನ್ನು ರೆಸಿನ್ ವಿಷಯ. ಬಾಗಿಲು, ಶೀಟು ಮಾಡುವವರು ಬಳಸುವುದು ಅಗ್ಗದ ಸಾಮಾನ್ಯ ದರ್ಜೆಯ ಪಾಲಿಯೆಸ್ಟರ್ ರೆಸಿನ್. ನೀರಿನಲ್ಲಿ ನಿಲ್ಲುವ ವಸ್ತುವಿಗೆ ಐಸೋಫ್ತಾಲಿಕ್ ರೆಸಿನ್ ಬೇಕು. ಬೆಲೆ ಹೆಚ್ಚು, ಆದರೆ ನೀರನ್ನು ತಡೆಯುವ ಗುಣದಲ್ಲಿ ಇವೆರಡರ ನಡುವೆ ದೊಡ್ಡ ಅಂತರವಿದೆ. ಜೊತೆಗೆ ಚದರ ಮೀಟರಿಗೆ 450 ಗ್ರಾಂ ತೂಗುವ ಮ್ಯಾಟ್ (ತುಂಡು ಗಾಜಿನ ಎಳೆಗಳ ಹಾಸು), 600 ಗ್ರಾಂ ತೂಗುವ ನೇಯ್ದ ರೋವಿಂಗ್ (ಗಾಜಿನ ಎಳೆಯ ದಪ್ಪ ಬಟ್ಟೆ), ರೆಸಿನ್ನನ್ನು ಗಟ್ಟಿ ಪೇಸ್ಟು ಮಾಡಲು ಏರೋಸಿಲ್ ಪುಡಿ, ಗಟ್ಟಿಗೊಳಿಸಲು ಹಾರ್ಡನರ್, ಅದನ್ನು ಚುರುಕುಗೊಳಿಸಲು ನೇರಳೆ ಬಣ್ಣದ ಕೋಬಾಲ್ಟ್. ಹಾರ್ಡನರನ್ನೂ ಕೋಬಾಲ್ಟನ್ನೂ ಎಂದೂ ನೇರವಾಗಿ ಒಂದಕ್ಕೊಂದು ಬೆರೆಸಬಾರದು. ಉರಿದೇಳುತ್ತದೆ, ಸಿಡಿಯಲೂಬಹುದು. ಕೋಬಾಲ್ಟನ್ನು ಮೊದಲು ರೆಸಿನ್‌ನಲ್ಲಿ ಚೆನ್ನಾಗಿ ಕಲಸಿ, ಬಳಿಕವೇ ಹಾರ್ಡನರ್ ಹಾಕಬೇಕು. ಎರಡಕ್ಕೂ ಬೇರೆ ಸಿರಿಂಜು, ಬೇರೆ ಕಪಾಟು. ಹಾರ್ಡನರ್ ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋದೀತು; ಕನ್ನಡಕ ತೆಗೆಯುವ ಮಾತೇ ಇಲ್ಲ.

ಹಾರ್ಡನರಿನ ಪ್ರಮಾಣ ತೂಕದಲ್ಲಿ ಶೇಕಡ 1ರಿಂದ 2. ಬಿಸಿ ಹೆಚ್ಚಾದಷ್ಟೂ ರೆಸಿನ್ ಬೇಗ ಕಟ್ಟಿಕೊಳ್ಳುತ್ತದೆ. ನಮ್ಮ ಮಧ್ಯಾಹ್ನದಲ್ಲಿ ಶೇಕಡ 2 ಹಾಕಿದರೆ ಬ್ರಷ್ ಅದ್ದುವಷ್ಟರಲ್ಲಿ ಮಗ್ಗು ಹೊಗೆಯಾಡುತ್ತದೆ. ಹಾಗೆಂದು ಶೇಕಡ 1ಕ್ಕಿಂತ ಕೆಳಗಿಳಿಸುವುದೂ ಸರಿಯಲ್ಲ: ಕಟ್ಟಿಕೊಂಡಂತೆ ಕಂಡರೂ ಒಳಗೆ ಪೂರ್ತಿ ಗಟ್ಟಿಯಾಗದೆ ಉಳಿಯುತ್ತದೆ, ಮುಂದೆ ನೀರು ಕುಡಿಯುತ್ತದೆ. ಆದ್ದರಿಂದ ಬಿಸಿಯನ್ನೇ ತಗ್ಗಿಸಬೇಕು. ಮುಚ್ಚಿದ ಡಬ್ಬವನ್ನು ರಾತ್ರಿಯಿಡೀ ನೆರಳಿನ ತಣ್ಣೀರ ತೊಟ್ಟಿಯಲ್ಲಿ ಇಟ್ಟು, ದೋಣಿಯ ಮೈಗೆ ಹಿಂದಿನ ಮಧ್ಯಾಹ್ನದಿಂದಲೇ ನೆರಳು ಕಟ್ಟಿ, ಬೆಳಗಿನ ಜಾವ ಐದಕ್ಕೆ ಕೆಲಸ ಹಿಡಿದರೆ ಬಿಸಿಲು ಏರುವ ಮೊದಲು ಎರಡು ಪದರ ಆರಾಮವಾಗಿ ಮುಗಿಯುತ್ತವೆ. ಕಲಸಿದ್ದನ್ನು ಆಳದ ಮಗ್ಗಿನಲ್ಲಿ ಇಡದೆ ಅಗಲವಾದ ತಟ್ಟೆಗೆ ಸುರಿದುಕೊಳ್ಳಬೇಕು. ಗುಪ್ಪೆಯಾಗಿದ್ದಷ್ಟೂ ತನ್ನ ಕಾವಿಗೆ ತಾನೇ ಬೇಗ ಕಟ್ಟುತ್ತದೆ. ಪ್ರತಿ ದಿನವೂ ಮೊದಲು 100 ಗ್ರಾಂ ಕಲಸಿ, ಎಷ್ಟು ಹೊತ್ತಿಗೆ ಬೆಣ್ಣೆಯ ಹದಕ್ಕೆ ಬರುತ್ತದೆ ಎಂದು ನೋಡಿಕೊಂಡೇ ಮುಂದಿನ ಅಳತೆ ಹಾಕಿದೆ.

ಬೆಳಗಿನ ಜಾವಕ್ಕೆ ಇನ್ನೊಂದು ಕಾರಣವೂ ಇದೆ. ರೆಸಿನ್‌ನಲ್ಲಿರುವ ಸ್ಟೈರೀನ್‌ನ ಆವಿ ಕಿಡಿ ತಗುಲಿದರೆ ಹೊತ್ತಿಕೊಳ್ಳುವ ತಾಪಮಾನ 31 ಡಿಗ್ರಿ. ಕಲಬುರಗಿಯ ಬೇಸಿಗೆಯಲ್ಲಿ ಹಗಲಿನ ಬಹುಭಾಗ ಅದಕ್ಕಿಂತ ಬಿಸಿ. ರೆಸಿನ್ ತೆರೆದ ದಿನ ಅಂಗಳದಲ್ಲಿ ಗ್ರೈಂಡರ್ ಇಲ್ಲ, ಬೀಡಿ ಇಲ್ಲ, ಒಲೆ ಇಲ್ಲ. ಧೂಳಿನ ಮಾಸ್ಕ್ ಈ ಆವಿಯನ್ನು ತಡೆಯುವುದಿಲ್ಲ, ಅದಕ್ಕೆ ಇದ್ದಿಲಿನ ಕಾರ್ಟ್ರಿಡ್ಜ್ ಇರುವ ಮಾಸ್ಕ್ ಬೇರೆಯೇ ಬೇಕು.

ಟ್ರಾನ್ಸಮ್ಮಿಗೆ ಐಎಸ್ 710 ಮುದ್ರೆ ಇರುವ ಮರೈನ್ ಪ್ಲೈವುಡ್, 19 ಮಿಲಿಮೀಟರಿನ ಎರಡು ಹಾಳೆ. ಎರಡೂ ಸೇರಿದರೆ ಹಳೆಯದರ 38 ಮಿಲಿಮೀಟರ್ ದಪ್ಪ ಸರಿಯಾಗಿ ಬರುತ್ತದೆ. ಎಂಜಿನ್ನಿನ ಹಿಡಿಕೆ ಕೂರುವುದು ಆ ದಪ್ಪಕ್ಕೆ. ಮುದ್ರೆ ಒತ್ತಿದ ಮಾತ್ರಕ್ಕೆ ನಂಬದೆ ಒಂದು ತುಂಡನ್ನು ಕುದಿಯುವ ನೀರಿನಲ್ಲಿ ಹಾಕಿ ಪದರ ಬಿಡುತ್ತದೆಯೇ ಎಂದು ನೋಡಿದೆ, ಬಿಡಲಿಲ್ಲ. ಎತ್ತರವನ್ನೂ ಇಲ್ಲೇ ತೀರ್ಮಾನಿಸಬೇಕು: ಗಿಡ್ಡ ಶಾಫ್ಟಿನ ಎಂಜಿನ್‌ಗೆ 15 ಇಂಚು, ಉದ್ದ ಶಾಫ್ಟಿಗೆ 20 ಇಂಚು. ನಮ್ಮದು ಉದ್ದನೆಯದು.

ಹಾಳೆಗಳ ಮೈಗೆಲ್ಲ, ಮುಖ್ಯವಾಗಿ ಅಂಚುಗಳಿಗೆ, ತೆಳುವಾದ ರೆಸಿನ್ ಕುಡಿಸಿ, ನಡುವೆ ರೆಸಿನ್‌ನಲ್ಲಿ ತೋಯ್ದ ಮ್ಯಾಟ್ ಇಟ್ಟು ಒತ್ತಿ ಒಂದಾಗಿಸಿದೆವು. ಹಳೆಯ ಫೈಬರಿನ ಒಳಮೈಯನ್ನು 36ನೇ ನಂಬರಿನ ಕಾಗದದಲ್ಲಿ ಹೊಸ ಗಾಜು ಕಾಣುವ ತನಕ ಉಜ್ಜಿ, ಅಸಿಟೋನಿನಲ್ಲಿ ಒರೆಸಿ, ಏರೋಸಿಲ್ ಪೇಸ್ಟನ್ನು ಟೈಲ್ಸ್ ಕೆಲಸದವರ ಹಲ್ಲಿನ ಕರಣೆಯಲ್ಲಿ ಬಳಿದು ಹಲಗೆ ಕೂರಿಸಿದೆವು. ಹಳೆಯ ರೆಸಿನ್‌ಗೂ ಹೊಸದಕ್ಕೂ ರಾಸಾಯನಿಕ ಬೆಸುಗೆ ಆಗುವುದಿಲ್ಲ. ಉಜ್ಜಿದ ಒರಟು ಮೈಯೊಂದೇ ಅದರ ಹಿಡಿತ, ಹಾಗಾಗಿ ಉಜ್ಜುವುದರಲ್ಲಿ ಸೋಮಾರಿತನಕ್ಕೆ ಎಡೆಯಿಲ್ಲ. ಬೋಲ್ಟುಗಳಿಂದ ಬಿಗಿದಾಗ ನಾಲ್ಕೂ ಅಂಚಿನಲ್ಲಿ ಪೇಸ್ಟು ಉಕ್ಕಿ ಬಂತು. ಎಲ್ಲೂ ಟೊಳ್ಳು ಉಳಿದಿಲ್ಲ ಎಂಬುದಕ್ಕೆ ಅದೇ ಸಾಕ್ಷಿ. ಮೂಲೆಗಳಲ್ಲಿ ಅದೇ ಪೇಸ್ಟನ್ನು ದುಂಡಗೆ ಸವರಿ, ಅದರ ಮೇಲೆ ಮ್ಯಾಟ್, ರೋವಿಂಗ್, ಮ್ಯಾಟ್ ಎಂದು ಪದರ ಹಾಕುತ್ತ, ಪ್ರತಿ ಪದರವನ್ನೂ ಹಿಂದಿನದಕ್ಕಿಂತ ಎರಡಿಂಚು ಆಚೆಗೆ ಚಾಚಿದೆವು.

ಪದರ ಹಾಕುವುದನ್ನು ನನಗೆ ಕಲಿಸಿದವರು ನೀರಿನ ತೊಟ್ಟಿ ಮಾಡುವ ಫೈಬರ್ ಉಸ್ತಾದ್ ಒಬ್ಬರು. "ಮ್ಯಾಟಿನ ಮೇಲೆ ರೆಸಿನ್ ಸುರಿಯಬೇಡಿ ಅಣ್ಣ, ಮೊದಲು ಕೆಳಗೆ ಬಳಿಯಿರಿ, ಮ್ಯಾಟ್ ತಾನೇ ಕೆಳಗಿನಿಂದ ಕುಡಿಯಲಿ" ಎಂದರು. ಹಾಗೆ ಮಾಡಿದರೆ ಗಾಳಿ ಮೇಲಕ್ಕೆ ತಾನೇ ಹೊರಬರುತ್ತದೆ; ಉಳಿದ ಬಿಳಿ ಚುಕ್ಕೆಗಳನ್ನು ಗೆರೆಯಿರುವ ಅಲ್ಯೂಮಿನಿಯಂ ರೋಲರಿನಲ್ಲಿ ಓಡಿಸಿದರಾಯಿತು. ಮ್ಯಾಟಿಗೆ ಅದರ ತೂಕದ ಎರಡೂವರೆ ಪಟ್ಟು ರೆಸಿನ್ ಸಾಕು, ನೇಯ್ದ ರೋವಿಂಗಿಗೆ ಹೆಚ್ಚುಕಡಿಮೆ ಸಮತೂಕ. ಹೊಳೆಯಲಿ ಎಂದು ಹೆಚ್ಚು ಸುರಿದರೆ ತೂಕ ಕೂಡುತ್ತದೆ, ಬಲ ಕೂಡುವುದಿಲ್ಲ.

ತೊಲೆಗಳಿಗೆ ಈ ಸಲ ಮರ ಬೇಡವೆಂದು ನಿರ್ಧರಿಸಿದ್ದೆ. ತೊಲೆಯ ಬಲ ಇರುವುದು ಟೋಪಿಯಂತೆ ಮೇಲೆ ಹೊದಿಸುವ ಫೈಬರಿನಲ್ಲಿ, ಒಳಗಿನದು ಬರಿಯ ಅಚ್ಚು. ಅಂಗಡಿಯವರು ಥರ್ಮಾಕೋಲ್ ತೋರಿಸಿದರು. ಅದರ ತುಂಡೊಂದರ ಮೇಲೆ ಚಮಚ ರೆಸಿನ್ ಹಾಕಿದರೆ ಕಣ್ಣೆದುರೇ ಕರಗಿ ಗುಂಡಿ ಬಿತ್ತು. ಸ್ಟೈರೀನ್ ಥರ್ಮಾಕೋಲನ್ನು ಕರಗಿಸುತ್ತದೆ, ಪಾಲಿಯುರೆಥೇನನ್ನು ಕರಗಿಸುವುದಿಲ್ಲ. ಕೋಲ್ಡ್ ಸ್ಟೋರೇಜ್ ಗೋಡೆಗಳಿಗೆ ಬಳಸುವ ಪಫ್, ಅಂದರೆ ಪಾಲಿಯುರೆಥೇನ್ ಫೋಮಿನ, ಹಲಗೆಗಳನ್ನೇ ಅಳತೆಗೆ ಕತ್ತರಿಸಿ, ತಳಕ್ಕೆ ಪೇಸ್ಟಿನ ಹಾಸಿಗೆ ಮಾಡಿ ಕೂರಿಸಿ ಫೈಬರ್ ಹೊದಿಸಿದೆವು. ತೊಲೆಗಳ ನಡುವೆ ನಿಂತ ನೀರು ಹಿಂಬದಿಯ ಬಿರಡೆಯ ತನಕ ಹರಿದು ಹೋಗುವಂತೆ ಅಡಿಯಲ್ಲಿ ಪೈಪಿನ ತುಂಡುಗಳನ್ನು ಕೂರಿಸಿದ್ದೇನೆ. ಹಳೆಯ ದೋಣಿಯಲ್ಲಿ ಈ ದಾರಿಯೇ ಇರಲಿಲ್ಲ.

ನೆಲಕ್ಕೆ 12 ಮಿಲಿಮೀಟರ್ ಪ್ಲೈವುಡ್, ಎರಡೂ ಮೈ ಫೈಬರ್. ತೇಲುವ ಫೋಮನ್ನು ಹಳೆಯವರಂತೆ ತಳದಲ್ಲಿ ಸುರಿಯಲಿಲ್ಲ. ಫೈಬರ್ ನೀರಿಗಿಂತ ಭಾರ, ದೋಣಿ ತುಂಬಿದರೆ ಮುಳುಗುವುದು ಖಚಿತ. ಅದನ್ನು ಹಿಡಿದು ನಿಲ್ಲಿಸುವ ಫೋಮು ತಳದಲ್ಲಿದ್ದರೆ ದೋಣಿ ಮಗುಚುತ್ತದೆ, ಎರಡೂ ಬದಿಯ ಮೇಲ್ಭಾಗದಲ್ಲಿದ್ದರೆ ನೆಟ್ಟಗೆ ನಿಲ್ಲುತ್ತದೆ. ಘನ ಮೀಟರಿಗೆ 40 ಕಿಲೋ ಸಾಂದ್ರತೆಯ ಪಫ್ 100 ಲೀಟರ್ ಇದ್ದರೆ 96 ಕಿಲೋ ಎತ್ತಿ ಹಿಡಿಯುತ್ತದೆ. ಆ ಲೆಕ್ಕದಲ್ಲಿ ಎಂಜಿನ್, ಬ್ಯಾಟರಿ, ದೋಣಿಯ ಮುಳುಗಿದ ತೂಕ ಕೂಡಿಸಿ, ಮೇಲೆ ಇನ್ನಷ್ಟು ಸೇರಿಸಿ, ತುಂಡುಗಳನ್ನು ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಬದಿಗಳಲ್ಲಿ ಕಟ್ಟಿದ್ದೇನೆ. ಬೇಕೆಂದಾಗ ಬಿಚ್ಚಿ ಒಣಗಿಸಬಹುದು.

ಈಗ ರಂಧ್ರಗಳ ಮಾತು. ಈ ದೋಣಿಯನ್ನು ಕೊಂದದ್ದೇ ರಂಧ್ರಗಳು. ಎಂಜಿನ್ ಬೋಲ್ಟ್, ನೀರು ಬಿಡುವ ಬಿರಡೆ, ಸ್ಕೀ ಹಗ್ಗ ಕಟ್ಟುವ ಕೊಂಡಿ, ಇವೆಲ್ಲ ಟ್ರಾನ್ಸಮ್ಮಿನ ಮರವನ್ನು ತೂರಿ ಹೋಗುತ್ತವೆ. ನಾನು ಅನುಸರಿಸಿದ ಕ್ರಮ ಇದು: 12 ಮಿಲಿಮೀಟರ್ ಬೋಲ್ಟಿಗೆ 20 ಮಿಲಿಮೀಟರ್ ರಂಧ್ರ ಕೊರೆದು, ಮರಕ್ಕೆ ತೆಳು ಎಪಾಕ್ಸಿ (ಇನ್ನೊಂದು ಬಗೆಯ ರೆಸಿನ್) ಕುಡಿಸಿ, ಗಟ್ಟಿ ಎಪಾಕ್ಸಿ ಪೇಸ್ಟಿನಿಂದ ಪೂರ್ತಿ ತುಂಬಿ, ಅದು ಗಟ್ಟಿಯಾದ ಮೇಲೆ ಅದರ ನಡುವೆ ಬೋಲ್ಟಿನ ಅಳತೆಗೆ ಮತ್ತೆ ಕೊರೆಯುವುದು. ಬೋಲ್ಟು ಮರವನ್ನು ಮುಟ್ಟುವುದೇ ಇಲ್ಲ. ಮುಂದೆಂದೋ ಸೀಲೆಂಟ್ ಬಿರಿದು ನೀರು ಜಿನುಗಿದರೂ ಅದಕ್ಕೆ ಎದುರಾಗುವುದು ಎಪಾಕ್ಸಿಯ ಕೊಳವೆ. ಹೊತ್ತು ಹಿಡಿಯುವ ಕೆಲಸ, ಆದರೆ ಇದನ್ನು ಬಿಟ್ಟು ಉಳಿದದ್ದನ್ನೆಲ್ಲ ಎಷ್ಟು ಚೆನ್ನಾಗಿ ಮಾಡಿದರೂ ದೋಣಿ ಮತ್ತೆ ಇದೇ ಅಂಗಳಕ್ಕೆ ಬರುತ್ತದೆ. ಸ್ಕೀ ಕೊಂಡಿಗಳ ಹಿಂದೆ ಒಳಬದಿಯಲ್ಲಿ ಅಗಲವಾದ ಸ್ಟೀಲ್ ಫಲಕ ಕೊಟ್ಟಿದ್ದೇನೆ. ಸವಾರ ನೀರಿನಲ್ಲಿ ಕುಳಿತ ಭಂಗಿಯಿಂದ ಮೇಲೇಳುವ ಕ್ಷಣದಲ್ಲಿ ಹಗ್ಗದ ಎಳೆತ ಅತಿ ಹೆಚ್ಚು. ಸಣ್ಣ ವಾಷರ್ ಅದನ್ನು ತಾಳುವುದಿಲ್ಲ.

ಬಣ್ಣ ಬಿಳಿಯೇ ಎಂದು ಮೊದಲೇ ತೀರ್ಮಾನವಾಗಿತ್ತು. ಗಾಢ ಬಣ್ಣದ ಮೈ ನಮ್ಮ ಬಿಸಿಲಿಗೆ ಕಾವಲಿಯಂತೆ ಕಾಯುತ್ತದೆ. ಹಳೆಯ ಜೆಲ್‌ಕೋಟಿನಲ್ಲಿ, ಅಂದರೆ ಹೊರಮೈಯ ಹೊಳಪಿನ ರೆಸಿನ್ ಪದರದಲ್ಲಿ, ಎದ್ದಿದ್ದ ಕೆಲವು ಗುಳ್ಳೆಗಳನ್ನು ಕೆರೆದು, ತೊಳೆದು, ಒಣಗಿಸಿ, ಎಪಾಕ್ಸಿ ಪುಟ್ಟಿ ತುಂಬಿದೆ. ಪಾಲಿಯೆಸ್ಟರಿನ ಮೇಲೆ ಎಪಾಕ್ಸಿ ಹಿಡಿಯುತ್ತದೆ. ಎಪಾಕ್ಸಿಯ ಮೇಲೆ ಪಾಲಿಯೆಸ್ಟರ್ ಜೆಲ್‌ಕೋಟ್ ಸರಿಯಾಗಿ ಹಿಡಿಯುವುದಿಲ್ಲ, ಆದ್ದರಿಂದ ಮೇಲೆ ಪ್ರೈಮರ್, ಅದರ ಮೇಲೆ ಕಾರುಗಳಿಗೆ ಹೊಡೆಯುವ ಎರಡು ಡಬ್ಬಿಯ ಪಿಯು ಬಣ್ಣ. ಅದರ ಹಾರ್ಡನರಿನಲ್ಲಿ ಉಸಿರಿಗೆ ಕೆಟ್ಟದ್ದಾದ ಐಸೋಸಯನೇಟ್ ಇರುವುದರಿಂದ ಸ್ಪ್ರೇ ಮಾಡದೆ ರೋಲರಿನಲ್ಲಿ ಹಚ್ಚಿ, ಹಿಂದೆಯೇ ಬ್ರಷ್ಷಿನ ತುದಿಯಲ್ಲಿ ಎಳೆದೆವು. ಒಂದು ಮಾರು ದೂರದಿಂದ ಸ್ಪ್ರೇ ಮಾಡಿದಂತೆಯೇ ಕಾಣುತ್ತದೆ. ದೋಣಿ ಟ್ರೈಲರಿನ ಮೇಲೆಯೇ ಇರುವುದರಿಂದ ತಳಕ್ಕೆ ಪಾಚಿ ತಡೆಯುವ ಬಣ್ಣದ ಅಗತ್ಯ ಬೀಳಲಿಲ್ಲ.

ಎಂಜಿನ್ ಪಂಪ್‌ಸೆಟ್ ರಿಪೇರಿಯ ಉಸ್ತಾದರ ಕೈಗೆ ಹೋಯಿತು. ಕಾರ್ಬ್ಯುರೇಟರ್ ತೊಳೆದು, ನೀರು ಎಳೆಯುವ ರಬ್ಬರ್ ಇಂಪೆಲ್ಲರ್ ಬದಲಿಸಿದರು. ಗೇರ್ ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ್ದರಿಂದ ಸೀಲ್ ಹೋಗಿದೆ ಎಂದು ತಿಳಿದು ಅದನ್ನೂ ಹಾಕಿದರು. ನೀರು ತುಂಬಿದ ಡ್ರಮ್ಮಿನಲ್ಲಿ ಇಳಿಸಿ ಓಡಿಸಿದಾಗ ತಂಪು ನೀರಿನ ಸಣ್ಣ ಧಾರೆ ಬದಿಯಿಂದ ಬಂತು.

ಜಲಾಶಯಗಳಿಗೆ ಬೇಸಿಗೆಯಲ್ಲಿ ಇಳಿಯುವುದರಲ್ಲಿ ಅರ್ಥವಿಲ್ಲ. ಬೀದರ್ ಜಿಲ್ಲೆಯ ಕಾರಂಜಾ ಇರಲಿ, ಹೇರೂರಿನ ಬೆಣ್ಣೆತೊರಾ ಇರಲಿ, ನೀರು ಇಳಿದಾಗ ಮುಳುಗಿದ ಮರದ ಬೊಡ್ಡೆ, ಹೊಲದ ಬದುವಿನ ಕಲ್ಲು ಮೇಲಕ್ಕೆ ಬಂದಿರುತ್ತವೆ. ಆಗ ಹೋಗಿ ಅವೆಲ್ಲಿವೆ ಎಂದು ಮೊಬೈಲಿನ ನಕ್ಷೆಯಲ್ಲಿ ಗುರುತು ಹಾಕಿಕೊಂಡು ಬರುವುದು ಒಳ್ಳೆಯದು. ದೋಣಿ ಇಳಿಸುವುದು ಮಳೆಗಾಲ ಮುಗಿದು ನೀರು ತುಂಬಿದ ಮೇಲೆ. ಎಂಜಿನ್ ಇರುವ ದೋಣಿಗೆ 2021ರ ಒಳನಾಡು ಹಡಗುಗಳ ಕಾಯಿದೆಯಂತೆ ತಪಾಸಣೆ, ನೋಂದಣಿ ಬೇಕು. ಜಲಾಶಯದಲ್ಲಿ ಓಡಿಸಲು ಅದನ್ನು ನೋಡಿಕೊಳ್ಳುವ ನಿಗಮದ ಒಪ್ಪಿಗೆ ಬೇರೆ. ಕುಡಿಯುವ ನೀರು ಹೋಗುವ ಜಾಗದಲ್ಲಿ ಎಣ್ಣೆ ಬೆರೆಸಿ ಉರಿಸುವ ಟೂ ಸ್ಟ್ರೋಕ್ ಎಂಜಿನ್‌ಗೆ ಅವರು ಒಪ್ಪದಿದ್ದರೆ ನನಗೆ ಬೇಸರವಿಲ್ಲ, ಆಗ ಎಂಜಿನ್ ಬದಲಿಸಬೇಕಾದೀತು. ಅರ್ಜಿ ಕೊಟ್ಟಾಗಿದೆ.

ಅಮೆರಿಕದ ಮಿನ್ನೆಸೋಟದಲ್ಲಿ 1922ರಲ್ಲಿ ರಾಲ್ಫ್ ಸ್ಯಾಮುಯೆಲ್ಸನ್ ಎಂಬ ಹದಿನೆಂಟರ ಹುಡುಗ ಪೆಪಿನ್ ಸರೋವರದ ಮೇಲೆ ಮೊದಲ ಬಾರಿ ಸ್ಕೀ ಮಾಡಿದಾಗ ಅವನ ಬಳಿ ಇದ್ದದ್ದು ತುದಿ ಬಗ್ಗಿಸಿದ ಮರದ ಹಲಗೆ, ಕಿಟಕಿಗೆ ಕಟ್ಟುವ ಹುರಿ. ನಮ್ಮ ಬಳಿ 23 ಮೀಟರಿನ ಹಗ್ಗ, ಲೈಫ್ ಜಾಕೆಟ್, ಚಾಲಕ ಬಿದ್ದರೆ ಎಂಜಿನ್ ನಿಲ್ಲಿಸುವ ಕೀಲಿದಾರ ಎಲ್ಲ ಇವೆ. ಚಾಲಕ ಮುಂದೆ ನೋಡುತ್ತಿರಬೇಕು, ಸವಾರನನ್ನು ನೋಡಲು ಇನ್ನೊಬ್ಬರು ಹಿಂದಕ್ಕೆ ತಿರುಗಿ ಕೂರಬೇಕು. ಮಗಳು ಆ ಕೆಲಸ ತನ್ನದೆಂದು ಹೇಳಿದ್ದಾಳೆ. ಮೊದಲ ಓಟದಲ್ಲಿ ಹಗ್ಗ ಕಟ್ಟುವುದಿಲ್ಲ. ಮೆಲ್ಲಗೆ ಓಡಿಸಿ ದಡಕ್ಕೆ ತಂದು, ಬಿರಡೆ ತೆಗೆದು ಎಷ್ಟು ನೀರು ಬರುತ್ತದೆ ಎಂದು ಅಳೆದು, ಟ್ರಾನ್ಸಮ್ಮಿನ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿದ ನಂತರವೇ ಕೊಂಡಿಗೆ ಹಗ್ಗ.